ಕೆನಡಾದ ಮಾನವ ಹಕ್ಕುಗಳ ಆಯೋಗ ಮತ್ತು ನ್ಯಾಯಮಂಡಳಿ: ದೂರುದಾರರ ದೃಷ್ಟಿಯಿಂದ ಒಂದು ವಿಮರ್ಶೆ

ಶುಲ್ಕವಿಲ್ಲದೆ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿರ್ಬಂಧವಿಲ್ಲದೆ ತಾರತಮ್ಯದ ವಿರುದ್ಧ ದೂರು ಕೊಡಲು ಅವಕಾಶವಿರುವ ಸಾರ್ವಜನಿಕ ಸೇವೆಗಳಲ್ಲಿ ಕೆನಡಾದ ಒಕ್ಕೂಟ ಮಟ್ಟದ ವ್ಯವಸ್ಥೆ ಗಂಭೀರ ಗಮನಕ್ಕೆ ಅರ್ಹವಾದುದು. 1977ರ ಕಾಯ್ದೆಯಡಿ ರೂಪುಗೊಂಡ ಈ ವ್ಯವಸ್ಥೆಯ ವ್ಯಾಪ್ತಿಗೆ ಒಕ್ಕೂಟ ಸರ್ಕಾರದ ಇಲಾಖೆಗಳು, ಬ್ಯಾಂಕುಗಳು, ವಿಮಾನಯಾನ ಮತ್ತು ದೂರಸಂಪರ್ಕ ಸಂಸ್ಥೆಗಳು ಬರುತ್ತವೆ. ದೂರನ್ನು ಸಾಮಾನ್ಯವಾಗಿ ಘಟನೆ ನಡೆದ ಒಂದು ವರ್ಷದೊಳಗೆ ಸಲ್ಲಿಸಬೇಕು.

ದೂರು ಮೊದಲು ತಲುಪುವುದು ಆಯೋಗವನ್ನು. ಅದನ್ನು ಪರಿಶೀಲಿಸಿ, ಮಧ್ಯಸ್ಥಿಕೆಗೆ ಅವಕಾಶ ಕೊಟ್ಟು, ವಿಚಾರಣೆ ಅಗತ್ಯವೆಂದು ಕಂಡರೆ ಮಾತ್ರ ಆಯೋಗವು ಅದನ್ನು ನ್ಯಾಯಮಂಡಳಿಗೆ ಒಪ್ಪಿಸುತ್ತದೆ. ಹೀಗಾಗಿ ಆಯೋಗದ ಮುಖ್ಯಸ್ಥರು ಈ ಮೊದಲ ಹಂತದ ಪರಿಶೀಲನೆಗೆ ಎಷ್ಟು ಸಿಬ್ಬಂದಿ, ಎಷ್ಟು ಕಾಳಜಿ ಮೀಸಲಿಡುತ್ತಾರೆ ಎಂಬುದೇ ಬಹುಪಾಲು ದೂರುದಾರರ ಪಾಲಿಗೆ ಸೇವೆಯ ನಿಜವಾದ ಗುಣಮಟ್ಟ. ಮಾಜಿ ನ್ಯಾಯಮೂರ್ತಿ ಲಾ ಫಾರೆಸ್ಟ್ ಅವರ ನೇತೃತ್ವದ ಸಮಿತಿಯು 2000ದಲ್ಲೇ ದೂರುದಾರರು ನೇರವಾಗಿ ನ್ಯಾಯಮಂಡಳಿಗೆ ಹೋಗುವಂತಾಗಬೇಕೆಂದು ಶಿಫಾರಸು ಮಾಡಿತ್ತು. ಒಂಟಾರಿಯೊ ಪ್ರಾಂತ 2008ರಲ್ಲಿ ಆ ದಾರಿ ಹಿಡಿದು, ಜೊತೆಗೆ ದೂರುದಾರರಿಗಾಗಿಯೇ ಪ್ರತ್ಯೇಕ ಕಾನೂನು ನೆರವು ಕೇಂದ್ರವನ್ನೂ ತೆರೆಯಿತು. ಆ ನೆರವು ಇಲ್ಲದಿದ್ದರೆ ನೇರ ಪ್ರವೇಶದ ಲಾಭ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿಯಿರುವವರಿಗೆ ಮಾತ್ರ ದಕ್ಕುತ್ತಿತ್ತು ಎಂದೇ ನಾನು ಭಾವಿಸುತ್ತೇನೆ.

ಈ ವ್ಯವಸ್ಥೆಯಲ್ಲಿ ನಾನು ಮನಸಾರೆ ಮೆಚ್ಚುವುದು ಆಯೋಗ ಮತ್ತು ನ್ಯಾಯಮಂಡಳಿಗಳಿಗೆ ಬೇರೆ ಬೇರೆ ಮುಖ್ಯಸ್ಥರಿರುವುದನ್ನು. ಆಯೋಗದ ಮಾರ್ಗಸೂಚಿಗಳು ನ್ಯಾಯಮಂಡಳಿಯನ್ನು ಕಟ್ಟಿಹಾಕುತ್ತವೆ, ನ್ಯಾಯಮಂಡಳಿ ಸದಸ್ಯರ ಅವಧಿಯನ್ನು ಅದರ ಅಧ್ಯಕ್ಷರೇ ವಿಸ್ತರಿಸಬಲ್ಲರು, ಆದ್ದರಿಂದ ಅದು ಸ್ವತಂತ್ರವಲ್ಲ ಎಂದು ಬೆಲ್ ಕೆನಡಾ ಕಂಪನಿ ವಾದಿಸಿದಾಗ, ಸುಪ್ರೀಂ ಕೋರ್ಟ್ 2003ರಲ್ಲಿ ಆ ವಾದವನ್ನು ತಳ್ಳಿಹಾಕಿತು. ಆಲ್ಬರ್ಟಾ ಪ್ರಾಂತದಲ್ಲಿ ಆಯೋಗಕ್ಕೂ ನ್ಯಾಯಮಂಡಳಿಗಳಿಗೂ ಒಬ್ಬರೇ ಮುಖ್ಯಸ್ಥರು. ಆಡಳಿತಕ್ಕೆ ಇದು ಸುಲಭವಿರಬಹುದು. ಆದರೆ ದೂರನ್ನು ತನಿಖೆ ಮಾಡುವ ಸಂಸ್ಥೆಯ ತಲೆಯಾಳೇ ತೀರ್ಪು ಕೊಡುವವರ ತಲೆಯಾಳೂ ಆಗಿರುವಾಗ, ಸೋತ ಪಕ್ಷದ ಮನಸ್ಸಿನಲ್ಲಿ ಅನುಮಾನ ಉಳಿಯದಂತೆ ನೋಡಿಕೊಳ್ಳುವ ಹೊರೆ ಆ ಒಬ್ಬರ ಮೇಲೆಯೇ ಬೀಳುತ್ತದೆ.

ಪರಿಹಾರದ ಮೊತ್ತಕ್ಕೆ ಮಿತಿಯಿದೆ: ನೋವಿಗಾಗಿ ಗರಿಷ್ಠ 20,000 ಡಾಲರ್, ಉದ್ದೇಶಪೂರ್ವಕ ಅಥವಾ ಬೇಜವಾಬ್ದಾರಿಯ ತಾರತಮ್ಯವಾದರೆ ಮತ್ತೆ 20,000 ಡಾಲರ್. ಈ ಮಿತಿಯೊಳಗೇ ಎಷ್ಟು ದೂರ ಸಾಗಬಹುದೆಂಬುದಕ್ಕೆ ಮೂಲನಿವಾಸಿ ಮಕ್ಕಳ ಕಲ್ಯಾಣ ಸೇವೆಗಳಿಗೆ ಕಡಿಮೆ ಅನುದಾನ ನೀಡಲಾಗುತ್ತಿದೆ ಎಂಬ ದೂರು ಸಾಕ್ಷಿ. 2007ರಲ್ಲಿ ಸಲ್ಲಿಕೆಯಾದ ಆ ದೂರಿನಲ್ಲಿ ಆಯೋಗವೂ ನ್ಯಾಯಮಂಡಳಿಯ ಮುಂದೆ ಪಕ್ಷವಾಗಿ ನಿಂತಿತು; 2016ರಲ್ಲಿ ತಾರತಮ್ಯ ರುಜುವಾತಾಯಿತು; 2019ರಲ್ಲಿ ಬಾಧಿತ ಮಕ್ಕಳಿಗೆ ತಲಾ 40,000 ಡಾಲರ್ ಕೊಡಬೇಕೆಂದು ನ್ಯಾಯಮಂಡಳಿ ಆದೇಶಿಸಿತು. ಆದರೆ ದೂರು ಕೊಟ್ಟಾಗ ಶಾಲೆಗೆ ಹೋಗುತ್ತಿದ್ದ ಮಗು ಈ ಆದೇಶ ಬರುವ ಹೊತ್ತಿಗೆ ವಯಸ್ಕ. ಇಷ್ಟು ದೀರ್ಘ ಕಾಯುವಿಕೆಯನ್ನು ಯಾವ ಗೆಲುವೂ ಸಮರ್ಥಿಸಲಾರದು.

ಇನ್ನೂ ಕಳವಳಕಾರಿಯಾದ ಸಂಗತಿ 2023ರದು. ಆಯೋಗವು ತನ್ನದೇ ಕಪ್ಪುವರ್ಣೀಯ ಮತ್ತು ಇತರ ವರ್ಣೀಯ ನೌಕರರ ವಿಷಯದಲ್ಲಿ ನೌಕರರ ಸಾಮೂಹಿಕ ಒಪ್ಪಂದದ ತಾರತಮ್ಯ ನಿಷೇಧದ ಷರತ್ತನ್ನು ಉಲ್ಲಂಘಿಸಿದೆ ಎಂದು ಸರ್ಕಾರದ ಖಜಾನೆ ಮಂಡಳಿಯ ಸಚಿವಾಲಯ ತೀರ್ಮಾನಿಸಿತು. ಅದೇ ವರ್ಷ ಸೆನೆಟ್ ಸಮಿತಿಯೂ ಈ ಬಗ್ಗೆ ವರದಿ ನೀಡಿತು. ಇತರ ಸಂಸ್ಥೆಗಳ ನಡವಳಿಕೆಯನ್ನು ಅಳೆಯುವ ಸಂಸ್ಥೆಯ ನೇತೃತ್ವ ವಹಿಸುವವರು ಮೊದಲು ತಮ್ಮ ಕಚೇರಿಯ ನೇಮಕಾತಿ, ಬಡ್ತಿ ಮತ್ತು ದೂರು ವಜಾ ಮಾಡುವ ಕ್ರಮಗಳನ್ನು ಹೊರಗಿನವರ ಪರಿಶೀಲನೆಗೆ ಒಡ್ಡಬೇಕು.

ದೂರು ಕೊಡಲು ಹೊರಟವರು ದಿನಾಂಕ, ಪತ್ರವ್ಯವಹಾರ ಮತ್ತು ಸಾಕ್ಷಿಗಳ ವಿವರವನ್ನು ಆರಂಭದಲ್ಲೇ ಬರೆದಿಟ್ಟುಕೊಳ್ಳಬೇಕು, ಮಧ್ಯಸ್ಥಿಕೆಯ ಅವಕಾಶವನ್ನು ಹಗುರವಾಗಿ ಬಿಟ್ಟುಕೊಡಬಾರದು. ಬೇಗನೆ ತೀರ್ಪು ಬೇಕೆನ್ನುವವರಿಗೆ ಈ ಸೇವೆಯನ್ನು ನಾನು ಸೂಚಿಸಲಾರೆ. ತಮ್ಮ ಪ್ರಕರಣದಿಂದ ಒಂದು ಇಲಾಖೆಯ ನಿಯಮವೇ ಬದಲಾಗಬೇಕೆಂದು ಬಯಸುವವರಿಗೆ ಖಂಡಿತ ಸೂಚಿಸುತ್ತೇನೆ.