ಹಳೆಯ ಆನೆ ಮ್ಯಾಸ್ಕಾಟ್‌ನಿಂದ ಓದುಕೋಣೆಯ ದಿಂಬುಗಳು

1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಮ್ಯಾಸ್ಕಾಟ್ ಆಗಿದ್ದ ಆನೆಮರಿ ಅಪ್ಪುವನ್ನು ಹೋಲುವಂತೆ ನಮ್ಮ ಶಾಲೆ ಹೊಲಿಸಿದ್ದ ಎಂಟಡಿ ಎತ್ತರದ ಆನೆಯ ವೇಷವು ವರ್ಷಗಟ್ಟಲೆ ಕ್ರೀಡಾದಿನಗಳಲ್ಲಿ ಕುಣಿದು ಸೊಂಡಿಲು ಹರಿದುಕೊಂಡು, ಮೊಣಕಾಲಿನ ಬಳಿ ಸ್ಪಂಜು ಹೊರಬಿದ್ದಿತ್ತು. ಅದನ್ನು ಮೈಸೂರಿನ ಒಂದು ಹಾಸಿಗೆ ಅಂಗಡಿಗೆ ಒಯ್ದಾಗ, ಅಲ್ಲಿಯ ಹಿರಿಯ ದರ್ಜಿಯವರು ಪಾಲಿಯೆಸ್ಟರ್ ತುಪ್ಪಳಕ್ಕೆ ಬಿಸಿ ಇಸ್ತ್ರಿ ತಾಗಿದರೆ ಕರಗುತ್ತದೆಂದು ತಿಳಿಸಿ, ತಣ್ಣೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದ ಮೇಲೆಯೇ ಹೊಲಿಗೆ ಬಿಚ್ಚಿದರು. ಪುಡಿಯಾಗಿದ್ದ ಸ್ಪಂಜನ್ನು ಎಸೆದು, ಗಟ್ಟಿಯಿದ್ದುದನ್ನು ಮಾತ್ರ ತುಂಬಿ, ತಳಕ್ಕೆ ರೆಕ್ಸಿನ್ ಹಾಕಿ ಆರು ನೆಲದಿಂಬುಗಳನ್ನು ಮಾಡಿದ್ದಾರೆ. ಕೆಲಸ ಒಂದು ವಾರ ತಡವಾಯಿತು. ಜಿಪ್‌ಗಳು ಇನ್ನಷ್ಟು ಗಟ್ಟಿಯಾಗಿರಬೇಕಿತ್ತು. ಆದರೆ ಆ ಅಗಲವಾದ ಕಿವಿಗಳನ್ನು ಕತ್ತರಿಸದೆ ಒಂದು ದಿಂಬಿಗೆ ಹಾಗೆಯೇ ಹೊಲಿದುಕೊಟ್ಟ ಅವರ ಮಮತೆಗೆ ನಾನು ಋಣಿ: ಗ್ರಂಥಾಲಯದ ಬಾಗಿಲು ತೆರೆದೊಡನೆ ಒಂದನೇ ತರಗತಿಯ ಮಕ್ಕಳು ಮೊದಲು ಓಡುವುದು ಅದರ ಬಳಿಗೇ.