ಎನ್‌ವಿಡಿಎ: ಪಾಠಕ್ಕೂ ಕವಿತೆಗೂ ನಾನು ನೆಚ್ಚಿಕೊಂಡಿರುವ ಸ್ಕ್ರೀನ್ ರೀಡರ್

ವಿದ್ಯಾರ್ಥಿಯೊಬ್ಬರ ಪ್ರಬಂಧ ಕೇಳುತ್ತಾ ಕೂತಿದ್ದೇನೆ ಅಂದುಕೊಳ್ಳಿ. ನಡುವೆ 'ದೇರ್' ಅಂತ ಒಂದು ಪದ ಬಂತು. ಅದು 'ಅಲ್ಲಿ' ಅನ್ನುವ ದೇರೋ, 'ಅವರ' ಅನ್ನುವ ದೇರೋ? ಕಣ್ಣು ಕಾಣುವವರಿಗೆ ಇದು ಪ್ರಶ್ನೆಯೇ ಅಲ್ಲ. ನನಗೆ ಎರಡೂ ಒಂದೇ ಸದ್ದು. ನಾಲ್ಕು ವರ್ಷದಿಂದ ಎನ್‌ವಿಡಿಎ ಜೊತೆ, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶದ ಜೊತೆ, ಇಂಗ್ಲಿಷ್ ಕಲಿಸುತ್ತಿದ್ದೇನೆ, ಬಿಡುವು ಸಿಕ್ಕಾಗ ಕವಿತೆ ಬರೆಯುತ್ತೇನೆ. ಇದರ ಬಗ್ಗೆ ಬರೆಯಬೇಕು ಅಂದಾಗ ಮೊದಲು ನೆನಪಾದದ್ದು ಈ ಒಂದು ಪದ.

ನನಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ, ಕಣ್ಣಿನ ರೆಟಿನಾದ ಒಂದು ಕಾಯಿಲೆ. ಸಾಮಾನ್ಯವಾಗಿ ಮೊದಲು ಮಬ್ಬು ಬೆಳಕಿನಲ್ಲಿ ಕಾಣುವುದು ಕಡಿಮೆಯಾಗುತ್ತದೆ, ಆಮೇಲೆ ಅಂಚಿನಿಂದ ಒಳಕ್ಕೆ ನೋಟ ಕಿರಿದಾಗುತ್ತಾ ಬರುತ್ತದೆ, ಕೊಳವೆಯಲ್ಲಿ ಇಣುಕಿದ ಹಾಗೆ. ನಡುವಿನ ಚೂರು ಇನ್ನೂ ಇದೆಯಲ್ಲ ಅಂತ ನಾನು ತುಂಬಾ ದಿನ ಅಕ್ಷರ ದೊಡ್ಡದು ಮಾಡಿಕೊಂಡೇ ಓದಿದೆ. ಆದರೆ ಕೊಳವೆಯ ಬಾಯಿ ಅಷ್ಟೇ ಇರುತ್ತದೆ, ಅಲ್ವಾ? ಅಕ್ಷರ ದೊಡ್ಡದಾದಷ್ಟೂ ಅದರೊಳಗೆ ಹಿಡಿಯುವ ಅಕ್ಷರ ಕಡಿಮೆ. ಕೊನೆಕೊನೆಗೆ ಒಂದು ಸಲಕ್ಕೆ ಮೂರು ಅಕ್ಷರ ಕಾಣುತ್ತಿತ್ತು, ವಾಕ್ಯ ಮುಗಿಯುವಷ್ಟರಲ್ಲಿ ಅದರ ಶುರು ಮರೆತು ಹೋಗುತ್ತಿತ್ತು, ಸಂಜೆಗೆ ತಲೆನೋವು. ಆಗ ಸ್ಕ್ರೀನ್ ರೀಡರ್ ಕಲಿಯಲು ಕೂತೆ.

ಎನ್‌ವಿಡಿಎ ವಿಂಡೋಸ್‌ಗೆ ಮಾತ್ರ. ಪೂರ್ತಿ ಉಚಿತ, ಓಪನ್ ಸೋರ್ಸ್, ಮನಸ್ಸಿದ್ದರೆ ದೇಣಿಗೆ ಕೊಡಬಹುದು. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದ್ದು, ಆಮೇಲೆ ಜೇಮ್ಸ್ ಟೆಹ್ ಸೇರಿಕೊಂಡರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಇದನ್ನು ಸುಮ್ನೆ ಮಾಹಿತಿಗೆ ಅಂತ ಹೇಳುತ್ತಿಲ್ಲ. ಬಳಸುತ್ತಾ ಹೋದ ಹಾಗೆ, ಇದನ್ನು ಮಾಡಿದವರಿಗೆ ಪರದೆ ಎಂದೂ ನೆಚ್ಚಿಕೆಯ ವಸ್ತುವಾಗಿರಲಿಲ್ಲ ಅನ್ನುವುದು ಕೈಗೆ ಗೊತ್ತಾಗುತ್ತದೆ. ಮಾತು ಬೇಡ ಅನ್ನಿಸಿದರೆ ಕಂಟ್ರೋಲ್ ಒತ್ತಿ, ತಕ್ಷಣ ನಿಲ್ಲುತ್ತದೆ. ಸ್ವಲ್ಪ ತಡೆಯಲಿ ಅಂದರೆ ಶಿಫ್ಟ್, ಮತ್ತೆ ಒತ್ತಿದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ತರಗತಿಯಲ್ಲಿ ಯಾರಾದರೂ ಪ್ರಶ್ನೆ ಕೇಳಿದಾಗ ಈ ಎರಡು ಕೀ ನನ್ನ ಮಾನ ಉಳಿಸಿವೆ.

ಈಗ ಆ 'ದೇರ್' ವಿಷಯ. ನಂಬರ್ ಪ್ಯಾಡಿನ 5 ಒತ್ತಿದರೆ ಕರ್ಸರ್ ಇರುವ ಪದ ಕೇಳಿಸುತ್ತದೆ. ಬೇಗಬೇಗ ಎರಡು ಸಲ ಒತ್ತಿದರೆ ಅದೇ ಪದದ ಕಾಗುಣಿತ, ಒಂದೊಂದೇ ಅಕ್ಷರವಾಗಿ. ಮೂರು ಸಲ ಒತ್ತಿದರೆ 'ಆಲ್ಫಾ, ಬ್ರಾವೋ' ಅನ್ನುವ ಲೆಕ್ಕದಲ್ಲಿ ಬಿಡಿಸಿ ಹೇಳುತ್ತದೆ, ಹಾಗಾಗಿ 'ಬಿ' ಮತ್ತು 'ಡಿ' ಕಲಸಿ ಹೋಗುವುದಿಲ್ಲ. ತಿದ್ದುವ ಕೆಲಸದಲ್ಲಿ ಅರ್ಧ ಹೊತ್ತು ನನ್ನ ಬೆರಳು ಆ 5ರ ಮೇಲೇ ಇರುತ್ತದೆ. ವರ್ಡ್‌ನಲ್ಲಿ ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್) ಜೊತೆ ಎಫ್7 ಒತ್ತಿದರೆ ಪ್ರಬಂಧದಲ್ಲಿರುವ ಶೀರ್ಷಿಕೆ, ಟಿಪ್ಪಣಿ, ಕಾಗುಣಿತ ತಪ್ಪುಗಳ ಪಟ್ಟಿ ಸಿಗುತ್ತದೆ, ಅಲ್ಲಿಂದ ನೇರ ಆ ಜಾಗಕ್ಕೆ ಜಿಗಿಯಬಹುದು.

ಆದರೆ ಒಂದು ಮಾತು ಬಿಚ್ಚಿ ಹೇಳಬೇಕು. ಪೂರ್ತಿ ಪ್ರಬಂಧವನ್ನು ಒಂದೇ ಸಮನೆ ಓದಿಸಿಕೊಂಡು ಅಂಕ ಕೊಡಬೇಡಿ. ಇದು ಸ್ಕ್ರೀನ್ ರೀಡರಿನ ತಪ್ಪಲ್ಲ, ಮಾತಿನ ಸ್ವಭಾವವೇ ಹಾಗೆ: ಒಂದೇ ಸದ್ದಿನ ಎರಡು ಪದ ಕಿವಿಯಲ್ಲಿ ಒಂದೇ ಆಗುತ್ತದೆ, ಅಲ್ಪವಿರಾಮ ಬರೀ ಒಂದು ಚಿಕ್ಕ ತಡೆಯಾಗಿ ಕರಗಿ ಹೋಗುತ್ತದೆ. ನಾನು ಎರಡು ಸಲ ಕೇಳುತ್ತೇನೆ. ಮೊದಲ ಸಲ ಏನು ಹೇಳಿದ್ದಾರೆ ಅಂತ, ವೇಗವಾಗಿ. ಎರಡನೇ ಸಲ ಎನ್‌ವಿಡಿಎ ಕೀ ಜೊತೆ ಪಿ ಒತ್ತಿ ಚಿಹ್ನೆಗಳನ್ನೆಲ್ಲ ಹೇಳುವ ಮಟ್ಟಕ್ಕೆ ಏರಿಸಿಕೊಂಡು, ನಿಧಾನವಾಗಿ, ಸಾಲು ಸಾಲಾಗಿ. ಹೌದು, ಸಮಯ ಜಾಸ್ತಿ ಹಿಡಿಯುತ್ತದೆ. ಆದರೆ ಕೈಬರಹ ಓದುವುದು ಇದರ ಕೆಲಸವಲ್ಲ. ಚಿತ್ರವಾಗಿ ಬಂದ ಅಚ್ಚಿನ ಪುಟವನ್ನು ಎನ್‌ವಿಡಿಎ ಕೀ ಜೊತೆ ಆರ್ ಒತ್ತಿ ಓದಿಸಿಕೊಳ್ಳಬಹುದು, ಕೈಯಲ್ಲಿ ಬರೆದದ್ದನ್ನು ವಿದ್ಯಾರ್ಥಿಯೇ ನನಗೆ ಓದಿ ಹೇಳಬೇಕು, ವಿರಾಮ ಚಿಹ್ನೆಗಳ ಸಮೇತ. ಹಾಗೆ ಓದುವಾಗ ಅವರೇ ನಡುವೆ ತಡೆದು 'ಇಲ್ಲಿ ಫುಲ್‌ಸ್ಟಾಪ್ ಬಿಟ್ಟಿದ್ದೇನೆ' ಅನ್ನುತ್ತಾರೆ. ಈ ಪದ್ಧತಿ ನನಗೆ ಎಷ್ಟು ಹಿಡಿಸಿತೆಂದರೆ ಟೈಪ್ ಮಾಡಿ ತಂದವರಿಂದಲೂ ಈಗ ಒಂದು ಪ್ಯಾರಾ ಹೀಗೇ ಓದಿಸುತ್ತೇನೆ.

ದನಿಯ ಬಗ್ಗೆ ತುಂಬಾ ಜನ ಕೇಳುತ್ತಾರೆ. ಜೊತೆಗೇ ಬರುವ ಇಸ್ಪೀಕ್ ಎನ್‌ಜಿ ಮನುಷ್ಯರ ದನಿಯ ಹಾಗಿಲ್ಲ, ಯಂತ್ರದ್ದೇ. ಮೊದಲ ವಾರ ಕಷ್ಟವಾಗುತ್ತದೆ. ಆದರೆ ಎಷ್ಟು ವೇಗ ಏರಿಸಿದರೂ ಅಕ್ಷರ ಒಡೆಯದೆ ಕೇಳಿಸುವುದು ಅದರ ಬಲ, ಕನ್ನಡವನ್ನೂ ಓದುತ್ತದೆ. ವಿಂಡೋಸ್‌ನಲ್ಲಿರುವ ಬೇರೆ ದನಿಗಳನ್ನೂ ಆರಿಸಿಕೊಳ್ಳಬಹುದು. ನಾನು ತಿದ್ದುವುದಕ್ಕೆ ಇಸ್ಪೀಕನ್ನೇ ಇಟ್ಟುಕೊಂಡಿದ್ದೇನೆ. ಉಚ್ಚಾರಣೆ ಕಲಿಸಲು ಮಾತ್ರ ಅದನ್ನು ಎಂದೂ ಬಳಸುವುದಿಲ್ಲ. ಪಾಠದ ಹೊತ್ತಿನಲ್ಲಿ ಒಂದೇ ಕಿವಿಗೆ ಇಯರ್‌ಫೋನ್, ಇನ್ನೊಂದು ಕಿವಿ ವಿದ್ಯಾರ್ಥಿಗಳಿಗೆ.

ನನ್ನನ್ನು ನಿಜವಾಗಿ ಬದಲಿಸಿದ ಸೌಲಭ್ಯ ಸ್ಕ್ರೀನ್ ಕರ್ಟನ್. 2019.3 ಆವೃತ್ತಿಯಲ್ಲಿ ಸೇರಿದ್ದು. ಆನ್ ಮಾಡಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ, ಕೆಲಸ ಎಂದಿನಂತೆ ನಡೆಯುತ್ತದೆ. ಪಕ್ಕದವರು ಓದದಿರಲಿ ಅಂತ ಇದನ್ನು ಬಳಸುವವರಿದ್ದಾರೆ. ನಾನು ಹಾಕಿದ್ದು ನನ್ನಿಂದ ನನ್ನನ್ನೇ ತಡೆಯಲು. ಸ್ವಲ್ಪ ಕಾಣುತ್ತಿದ್ದರೆ ಕಣ್ಣು ಹಟ ಬಿಡುವುದಿಲ್ಲ, ಕಿವಿಗೆ ಕೇಳಿಸಿದ್ದನ್ನು ಪರದೆಯಲ್ಲಿ ಹುಡುಕಲು ಹೋಗುತ್ತದೆ, ಅಷ್ಟರಲ್ಲಿ ಮಾತು ಮುಂದೆ ಓಡಿರುತ್ತದೆ, ಎರಡೂ ಸಿಗುವುದಿಲ್ಲ. ಕಪ್ಪು ಪರದೆಯ ಮುಂದೆ ಮೊದಲ ದಿನ ಅತ್ತಿದ್ದೇನೆ. ಮೂರನೇ ವಾರದಲ್ಲಿ ಒಂದು ದಿನ ಇಪ್ಪತ್ತು ಪ್ರಬಂಧ ಮುಗಿಸಿ ಎದ್ದೆ, ತಲೆನೋವು ಇರಲಿಲ್ಲ. ಇನ್ನೂ ಸ್ವಲ್ಪ ಕಾಣುತ್ತಿರುವವರಿಗೆ ನಾನು ಹೇಳುವುದು ಇದನ್ನೇ: ನೋಟ ಇರುವಾಗಲೇ ಕಲಿಯಿರಿ, ದಿನಕ್ಕೆ ಅರ್ಧ ಗಂಟೆ ಕರ್ಟನ್ ಹಾಕಿಕೊಂಡು.

ಬ್ರೈಲ್ ಡಿಸ್‌ಪ್ಲೇ, ಅಂದರೆ ಪರದೆಯ ಅಕ್ಷರಗಳನ್ನು ಬೆರಳಿಗೆ ಸಿಗುವ ಚುಕ್ಕಿಗಳಾಗಿ ಎಬ್ಬಿಸುವ ಸಾಧನ ಇದ್ದವರಿಗೆ ಎನ್‌ವಿಡಿಎ ಇನ್ನೂ ಆಳಕ್ಕೆ ಇಳಿಯುತ್ತದೆ. ನಾನು ಬ್ರೈಲ್ ತಡವಾಗಿ ಕಲಿತೆ, ಇವತ್ತಿಗೂ ನಿಧಾನ. ಆದರೆ ಅಲ್ಲೊಂದು ಖುಷಿ ಸಿಕ್ಕಿತು. ಕೆಲವು ಪದಗಳಿಗೆ ಒಂದೆರಡು ಚಿಹ್ನೆಯಷ್ಟೇ ಸಾಕಾಗುವ ಇಂಗ್ಲಿಷಿನ ಸಂಕ್ಷಿಪ್ತ ಬ್ರೈಲ್‌ನಲ್ಲಿ 'ಅಲ್ಲಿ' ಅನ್ನುವ ದೇರ್‌ಗೆ 'ದ' (the) ಅನ್ನುವ ಪದದ ಚಿಹ್ನೆಯ ಮುಂದೆ 5ನೇ ಚುಕ್ಕಿ ಒಂದೇ, 'ಅವರ' ಅನ್ನುವ ದೇರ್‌ಗೆ 4, 5, 6 ಮೂರೂ ಚುಕ್ಕಿ. ಕಿವಿಗೆ ಒಂದೇ ಆದದ್ದು ಬೆರಳಿಗೆ ಬೇರೆಬೇರೆ! ಸಂಕ್ಷಿಪ್ತ ರೂಪದಲ್ಲಿ ಕಾಗುಣಿತ ಅಡಗಿ ಹೋಗುತ್ತದೆ ಅನ್ನುವ ತೊಂದರೆಗೂ ದಾರಿ ಇದೆ. ಕರ್ಸರ್ ಇರುವ ಪದವನ್ನು ಮಾತ್ರ ಪೂರ್ತಿ ಅಕ್ಷರಗಳಾಗಿ ಬಿಡಿಸಿ ತೋರಿಸುವ ಆಯ್ಕೆ ಸೆಟ್ಟಿಂಗ್‌ನಲ್ಲಿದೆ, ಇಂಗ್ಲಿಷ್ ಟೀಚರ್ ಅದನ್ನು ಆನ್ ಮಾಡಿಯೇ ಇಟ್ಟುಕೊಳ್ಳಬೇಕು.

ಇನ್ನು ಕವಿತೆ. ಒಂದೇ ಸಮನೆ ಓದಿಸಿಕೊಂಡರೆ ಕವಿತೆ ಗದ್ಯವಾಗುತ್ತದೆ. ಸಾಲು ಎಲ್ಲಿ ಮುರಿಯಿತು ಅನ್ನುವುದೇ ತಿಳಿಯುವುದಿಲ್ಲ. ಬಾಣದ ಕೀ ಒತ್ತಿ ಸಾಲು ಸಾಲಾಗಿ ಕೇಳಿದರೆ ಅಷ್ಟು ಉಳಿಯುತ್ತದೆ. ಆದರೆ ನಾನು ಮೆಟ್ಟಿಲು ಮೆಟ್ಟಿಲಾಗಿ ಒಳಕ್ಕೆ ಸರಿಯುವ ಸಾಲುಗಳನ್ನು ಬರೆಯುತ್ತಿದ್ದವಳು, ನನಗೆ ಪುಟದ ಖಾಲಿ ಜಾಗವೂ ಕವಿತೆಯೇ. ಅದು ಹೋಯಿತು ಅಂತ ಸುಮಾರು ಒಂದು ವರ್ಷ ಬರೆಯುವುದನ್ನೇ ಬಿಟ್ಟಿದ್ದೆ.

ಆಮೇಲೆ ಸೆಟ್ಟಿಂಗ್‌ಗಳಲ್ಲಿ ಅಲೆಯುವಾಗ ಸಾಲಿನ ಇಂಡೆಂಟ್, ಅಂದರೆ ಸಾಲಿನ ಶುರುವಿನಲ್ಲಿ ಬಿಟ್ಟ ಖಾಲಿ ಜಾಗ ಎಷ್ಟು ಅಂತ ತಿಳಿಸುವ ಆಯ್ಕೆ ಸಿಕ್ಕಿತು. ಪ್ರೋಗ್ರಾಂ ಬರೆಯುವವರಿಗೆ ತುಂಬಾ ಬೇಕಾಗುವ ಸೌಲಭ್ಯ, ಪೈಥಾನ್‌ನಲ್ಲಿ ಎಷ್ಟು ಜಾಗ ಬಿಟ್ಟಿದೆ ಅನ್ನುವುದು ಮುಖ್ಯವಲ್ಲವೇ. ಅದನ್ನು ಮಾತಿನಲ್ಲಿ ಹೇಳಿಸಿಕೊಳ್ಳಬಹುದು, ಸ್ವರವಾಗಿಯೂ ಕೇಳಬಹುದು. ಸ್ವರ ಆರಿಸಿದರೆ ಸಾಲು ಒಳಕ್ಕೆ ಹೋದಷ್ಟೂ ಶ್ರುತಿ ಏರುತ್ತದೆ, ಒಂದು ಟ್ಯಾಬ್ ಅಂದರೆ ನಾಲ್ಕು ಸ್ಪೇಸಿನಷ್ಟು. ನೋಟ್‌ಪ್ಯಾಡ್ ತೆಗೆದು ಒಂದು ಹಳೆಯ ಕವಿತೆ ಹಾಕಿ ಕೆಳಬಾಣ ಒತ್ತುತ್ತಾ ಹೋದೆ. ಸ್ವರ, ಸಾಲು. ಸ್ವಲ್ಪ ಏರಿದ ಸ್ವರ, ಸಾಲು. ಇನ್ನೂ ಏರಿತು, ಒಂದೇ ಪದ. ಪುಟದ ಆಕಾರ ಕಿವಿಯೊಳಗೆ ನಿಂತುಕೊಂಡಿತು. ಅವತ್ತು ರಾತ್ರಿ ಇದ್ದಬದ್ದ ಕವಿತೆಗಳನ್ನೆಲ್ಲ ಕೇಳಿದೆ.

ಚಿತ್ರ ಬಿಡಿಸುವ ತಂತ್ರಾಂಶಗಳ ಜೊತೆ ಏನೂ ಕೈಗೂಡಲಿಲ್ಲ. ಬಟನ್‌ಗೆ ಹೆಸರೇ ಕೊಟ್ಟಿರದಿದ್ದರೆ ಯಾವ ಸ್ಕ್ರೀನ್ ರೀಡರ್ ತಾನೇ ಏನು ಓದೀತು, ಹೆಸರಿದ್ದರೂ ಕ್ಯಾನ್ವಾಸಿನ ಮೇಲಿರುವ ಗೆರೆ ಮಾತಾಗುವುದಿಲ್ಲ. ಅದಕ್ಕೆ ನಾನು ಜೇಡಿಮಣ್ಣಿನ ಕಡೆ ತಿರುಗಿದ್ದೇನೆ, ಅದು ಬೇರೆ ಕಥೆ.

ಹೊಸಬರು ಮೊದಲು ಪೋರ್ಟಬಲ್ ಪ್ರತಿಯನ್ನು ಪೆನ್ ಡ್ರೈವಿಗೆ ಹಾಕಿಕೊಂಡು ನೋಡಿ, ಕಂಪ್ಯೂಟರಿಗೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ನಂಬರ್ ಪ್ಯಾಡ್ ಇರುವ ಕೀಬೋರ್ಡ್ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್‌ಗೆ ಬೇರೆ ಕೀಗಳಿವೆ, ಆದರೆ ತಿದ್ದುವ ಕೆಲಸಕ್ಕೆ ಆ 5 ಕೈಗೆ ಸಿಗುವ ಸುಖವೇ ಬೇರೆ. ಕವಿತೆ ಬರೆಯುವವರು ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್ ಸೆಟ್ಟಿಂಗ್‌ಗೆ ಹೋಗಿ ಇಂಡೆಂಟ್ ಸ್ವರಗಳನ್ನು ಆನ್ ಮಾಡಿಕೊಳ್ಳಿ. ನಿನ್ನೆ ಬರೆದದ್ದನ್ನು ಇವತ್ತು ಬೆಳಿಗ್ಗೆ ಕೇಳುವಾಗ ನಾಲ್ಕನೇ ಸಾಲಿನಲ್ಲಿ ಸ್ವರ ಚೂರು ಹೆಚ್ಚು ಏರಿತು. ಒಂದು ಸ್ಪೇಸ್ ಜಾಸ್ತಿ ಬಿದ್ದಿತ್ತು. ಅಳಿಸಿದೆ.