ಹುಮನಾಬಾದಿನಿಂದ ಬೆಂಗಳೂರಿಗೆ: ವಿಮಾನ ಬೀದರಿನಲ್ಲಿ ಹತ್ತಬೇಕೋ, ಕಲಬುರಗಿಯಲ್ಲೋ?

ಭೂಪಟದ ಮೇಲೆ ಗೆರೆ ಎಳೆದು ಅಳೆದರೆ ಗೆಲ್ಲುವುದು ಕಲಬುರಗಿ. ಅಲ್ಲಿಯ ವಿಮಾನ ನಿಲ್ದಾಣದಿಂದ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ ನೇರ ಅಂತರ ಸುಮಾರು 460 ಕಿ.ಮೀ.; ಬೀದರಿನಿಂದ ಸುಮಾರು 520. ಆದರೆ ಎರಡೂ ಊರುಗಳ ನಡುವೆ ಇರುವ ನಮ್ಮ ಹುಮನಾಬಾದಿನವರಿಗೆ ಈ ಲೆಕ್ಕ ಸಾಲದು. ಹೆಚ್ಚಿನ ಅರವತ್ತು ಕಿಲೋಮೀಟರ್ ಜೆಟ್ ವಿಮಾನಕ್ಕೆ ಐದಾರು ನಿಮಿಷ. ನೆಲದ ಮೇಲೆ ಅಷ್ಟೇ ದೂರಕ್ಕೆ ಒಂದು ಗಂಟೆಗೂ ಹೆಚ್ಚು ಬೇಕು.

ಎರಡೂ ಕಡೆಯಿಂದ ಹಾರಿ ನೋಡಿದ್ದೇನೆ. ಎಲ್ಲಿ ಹತ್ತಿದರೂ ಗಂಟೆ, ಗಂಟೆಕಾಲಿನಲ್ಲಿ ಬೆಂಗಳೂರು. ಬೀದರಿಗೆ ಹಳ್ಳಿಖೇಡದ ಮೇಲೆ ಹೋದರೆ ಐವತ್ತು ಕಿಲೋಮೀಟರ್ ಆಸುಪಾಸು, ಊರಿನ ಗದ್ದಲದ ಕಾಟ ಕಡಿಮೆ. ಕಲಬುರಗಿಗೆ ಕಮಲಾಪುರ ದಾಟಿ, ನಗರದ ರಿಂಗ್ ರಸ್ತೆ ಸುತ್ತಿ, ಮತ್ತೆ ಸೇಡಂ ರಸ್ತೆಯಲ್ಲಿ ಶ್ರೀನಿವಾಸ ಸರಡಗಿಯ ಕಡೆಗೆ ಸಾಗಬೇಕು. ನಗರ ಬಂತೆಂದು ನೆಮ್ಮದಿಪಡುವ ಹೊತ್ತಿಗೆ ಇನ್ನೂ ಹತ್ತು ಹದಿನೈದು ಕಿಲೋಮೀಟರ್ ಉಳಿದಿರುತ್ತದೆ. ನಮಗೆ ಸಮಯದಲ್ಲಿ ಬೀದರೇ ವಾಸಿ. ಸೇಡಂ, ಚಿತ್ತಾಪುರದವರಿಗೆ ಮಾತ್ರ, ಅಲ್ಲಿಂದ ವಿಮಾನ ಇದ್ದರೆ, ಕಲಬುರಗಿ ಬಿಟ್ಟು ಬೇರೆ ಯೋಚನೆ ಬೇಡ.

ಕಲಬುರಗಿಯದು 2019ರ ನವೆಂಬರಿನಲ್ಲಿ ತೆರೆದ ನಾಗರಿಕ ನಿಲ್ದಾಣ, ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ. ಬೀದರಿನದು ವಾಯುಪಡೆಯ ತರಬೇತಿ ನೆಲೆ. 2020ರ ಫೆಬ್ರವರಿಯಲ್ಲಿ ಅಲ್ಲಿ ನಾಗರಿಕ ವಿಮಾನಗಳು ಆರಂಭವಾದವು. ಎರಡೂ ಚಿಕ್ಕ ಟರ್ಮಿನಲ್‌ಗಳೇ, ತಪಾಸಣೆ ಬೇಗ ಮುಗಿಯುತ್ತದೆ. ಈ ಸುಖ ದೊಡ್ಡ ನಿಲ್ದಾಣಗಳಲ್ಲಿ ಇಲ್ಲ.

ನಿಜವಾದ ಚಿಂತೆ ಬೇರೆ: ಹೋಗಬೇಕಾದ ದಿನ ವಿಮಾನ ಇದೆಯೇ? ಬೀದರಿನ ಸೇವೆ 2023ರ ಕೊನೆಗೆ ನಿಂತು, 2025ರ ಏಪ್ರಿಲಿನಲ್ಲಷ್ಟೇ ಮತ್ತೆ ಶುರುವಾಯಿತು. ಸಣ್ಣ ಊರುಗಳ ವಿಮಾನಗಳಿಗೆ ಕೇಂದ್ರ ಸರ್ಕಾರ ಕೊಡುವ ಉಡಾನ್ ಯೋಜನೆಯ ನೆರವು ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಆಮೇಲೆ ಸೀಟು ತುಂಬದಿದ್ದರೆ ವಿಮಾನ ನಿಲ್ಲುತ್ತದೆ. ಆಸ್ಪತ್ರೆ, ಸಂದರ್ಶನ ಎಂದು ಹೊರಡುವ ನಮ್ಮ ಭಾಗದ ಜನರಿಗೆ ಇದು ದೊಡ್ಡ ಪೆಟ್ಟು. ಎರಡು ಜಿಲ್ಲೆಗಳಿಗೂ ಖಾಯಂ ಸೇವೆ ಬೇಕು ಎಂದು ಗಟ್ಟಿಯಾಗಿ ಕೇಳುವವರಲ್ಲಿ ನಾನೂ ಒಬ್ಬ.

ವಿಮಾನ ಇಲ್ಲದ ದಿನ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣಕ್ಕೆ ಓಡುವವರು ನಮ್ಮಲ್ಲಿ ಬಹಳ. ಜಹೀರಾಬಾದಿನ ಹೆದ್ದಾರಿ ಚೆನ್ನಾಗಿದೆ, ವಿಮಾನಗಳೂ ಹೇರಳ. ಆದರೆ ರಸ್ತೆಯಲ್ಲೇ ಮೂರು ಗಂಟೆಯ ಮೇಲೆ. ಅಷ್ಟು ಹೊತ್ತಿನಲ್ಲಿ ಬೀದರಿನಲ್ಲಿ ಹತ್ತಿದವರು ಬೆಂಗಳೂರಿಗೆ ಹತ್ತಿರವಾಗಿರುತ್ತಾರೆ.

ವಯಸ್ಸಾದ ಅವ್ವ, ಅಪ್ಪ ಜೊತೆಗಿದ್ದರೆ ನನ್ನ ಮತ ಕಲಬುರಗಿಯಿಂದ ಹೊರಡುವ ರಾತ್ರಿಯ ರೈಲಿಗೆ. ಮಲಗಿ ಹೋಗಬಹುದು, ಸಾಮಾನಿನ ತೂಕ ನೋಡುವವರಿಲ್ಲ. ಹಗಲಿನ ವಂದೇ ಭಾರತ್‌ಗೆ ಸುಮಾರು ಒಂಬತ್ತು ಗಂಟೆ. ಯಲಹಂಕದಲ್ಲಿ ಇಳಿಯುವ ಅನುಕೂಲವೂ ಇದೆ. ವಿಮಾನದಲ್ಲಿ ಬಂದವರು ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಇನ್ನೊಂದು ಗಂಟೆಗೂ ಹೆಚ್ಚು ಬಸ್ಸಿನಲ್ಲಿ ಕೂರಬೇಕು. ಕೆಲಸ ಹೆಬ್ಬಾಳದ ಆಚೆಗೆ ಇದ್ದರೆ ಟಿಕೆಟ್ ತೆಗೆಯುವ ಮೊದಲೇ ಆ ಗಂಟೆಯನ್ನೂ ಸೇರಿಸಿಕೊಳ್ಳಿ.